ಹನ್ನೊಂದನೇ ಬೇಸಿನ್ನಿನಲ್ಲಿ ಕೂತವಳು

ಆ ನೂಲಿನ ಲಡಿಯನ್ನು ಕೆಡಿಸಿದ್ದು ನಾನು. ಚಿನ್ನತಾಯಿಯಲ್ಲ. ಅವಳ ಕಣ್ಣು ಮಂಜಾಗಿದೆ ಎಂದು ಸಾಹುಕಾರರ ಮುಂದೆ ನಿಂತು ಹೇಳಿದೆನಲ್ಲ — ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು. ಅವಳ ಕಣ್ಣು ಚೆನ್ನಾಗಿತ್ತು, ಕೈ ಅದಕ್ಕಿಂತ ಚೆನ್ನಾಗಿತ್ತು. ಕೆಟ್ಟಿದ್ದು ನನ್ನ ಕೈ.

ಇಷ್ಟು ಬರೆಯಲು ಹನ್ನೆರಡು ವರ್ಷ ಬೇಕಾಯಿತು. ಓದು ಬರಹ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಮೇಸ್ತ್ರಿಯಾದವಳು ನಾನು. ಆದರೂ ಇದೊಂದನ್ನು ಬರೆಯಲಿಲ್ಲ. ಓದುವವರಿಗೆ ನನ್ನ ಮೇಲೆ ಮರುಕ ತೋರಿಸುವ ಮನಸ್ಸಿದ್ದರೆ ಇಲ್ಲಿಗೇ ನಿಲ್ಲಿಸಿಬಿಡಿ. ನನಗೆ ಮರುಕ ಕಂಡರೆ ಆಗುವುದಿಲ್ಲ. ಆಗಲೂ ಆಗುತ್ತಿರಲಿಲ್ಲ — ನಡೆದದ್ದರಲ್ಲಿ ಅರ್ಧ ಅದರಿಂದಲೇ ನಡೆಯಿತು.

ನಮ್ಮದು ಕೊಳ್ಳೇಗಾಲದ ಅಂಚಿನಲ್ಲಿ, ಯಳಂದೂರು ರಸ್ತೆಯ ಪಕ್ಕದ ಸಣ್ಣ ಫಿಲೇಚರ್. ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಜಾಗ. ತಗಡಿನ ಮಾಡಿನ ಕೆಳಗೆ ಎರಡು ಸಾಲಿನಲ್ಲಿ ಇಪ್ಪತ್ತು ಬೇಸಿನ್ನು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಕುದಿಯುವುದಕ್ಕೆ ಒಂದಿಷ್ಟೇ ಕಡಿಮೆ ಬಿಸಿಯಿರುವ ನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಏಳೆಂಟು ಗೂಡಿನ ಎಳೆ ಹಿಡಿದು, ಸೇರಿಸಿ, ಒಂದು ನೂಲು ಮಾಡಿ ರಾಟೆಗೆ ಏರಿಸಬೇಕು. ರಾಟೆ ತುಂಬಿದ ಮೇಲೆ ತೆಗೆದ ನೂಲಿನ ಸುರುಳಿಯೇ ಲಡಿ. ಕಾಲಿನಲ್ಲಿ ಹಲಗೆ ತುಳಿಯುತ್ತಿರಬೇಕು. ಒಂದು ಗೂಡು ಖಾಲಿಯಾಯಿತೋ, ಆ ಕ್ಷಣವೇ ಇನ್ನೊಂದರ ಎಳೆ ಕೊಡಬೇಕು. ಅದು ಕಣ್ಣಿಗೆ ಕಾಣುವುದಕ್ಕೆ ಮೊದಲೇ ಬೆರಳಿಗೆ ಗೊತ್ತಾಗಬೇಕು — ನೂಲು ಒಂದು ಕೂದಲಿನಷ್ಟು ತೆಳುವಾದರೂ ಬೆರಳು ಹೇಳಿಬಿಡಬೇಕು. ಆ ಬೆರಳು ಬರುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಕಲಿಸಿದವಳು ಚಿನ್ನತಾಯಿ.

ನನ್ನದು ಹನ್ನೆರಡನೇ ಬೇಸಿನ್ನು, ಅವಳದು ಹನ್ನೊಂದು. ಅವಳು ರಾಮಾಪುರದ ಕಡೆಯವಳು, ಮನೆಯಲ್ಲಿ ಅರ್ಧ ತಮಿಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಚಿನ್ನಕ್ಕ ಎನ್ನುತ್ತಿದ್ದೆ. ಮೊದಲ ವಾರ ನನ್ನ ಬೆರಳ ಸಂದಿಯ ಚರ್ಮ ಬಿಳಿಚಿ ಕಿತ್ತು ಬಂದಾಗ ಅರಿಶಿನ, ಹರಳೆಣ್ಣೆ ಕಲಸಿ ಹಚ್ಚಿದವಳು ಅವಳು. ನಾನು ಅತ್ತಾಗ ಬೈದವಳೂ ಅವಳೇ.

ಈಗ ನನ್ನ ಮನೆಯ ವಿಷಯ ಹೇಳಬೇಕು. ನೆಪ ಹೇಳುವುದಕ್ಕಲ್ಲ; ಇದಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾನು ಬಂಡಳ್ಳಿಯವಳು. ಹನೂರಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಇಪ್ಪತ್ತು ತುಂಬುವುದರೊಳಗೆ ಗಂಡ ಹೋದ. ಅಣ್ಣ ಕೊಳ್ಳೇಗಾಲದಲ್ಲಿ ದಿನಸಿ ಅಂಗಡಿ ಇಟ್ಟಿದ್ದ, ಅವನ ಮನೆಗೆ ಬಂದು ಸೇರಿದೆ. ನಾವು ಲಿಂಗ ಕಟ್ಟಿದ ಜನ, ಒಕ್ಕಲುತನದವರು. ಗೂಡಿನೊಳಗೆ ಹುಳ ಜೀವಂತ ಇರುತ್ತದೆ, ಅದನ್ನು ಬೇಯಿಸದೆ ನೂಲು ಬರುವುದಿಲ್ಲ. ನಾನು ಫಿಲೇಚರಿಗೆ ಹೋದ ಮಾರನೆಯ ದಿನವೇ ಅತ್ತಿಗೆ ಅಡುಗೆ ಮನೆಯ ಹೊಸಿಲಲ್ಲಿ ನಿಂತು ಹೇಳಿದಳು:

"ಕೊರ್ಳಲ್ಲಿ ಲಿಂಗ ಕಟ್ಕಂಡು ಹುಳ ಬೇಯ್ಸಿ ಬಂದಿದ್ದೀಯ. ಆ ಕೈಲಿ ದೇವ್ರ್ ಮನ ಮುಟ್ಬ್ಯಾಡ ಕಣವ್ವ."

ದೇವರ ಮನೆಯಷ್ಟೇ ಅಲ್ಲ — ಅಡುಗೆ ಮನೆ, ನೀರಿನ ಗಡಿಗೆ, ಉಪ್ಪಿನಕಾಯಿ ಭರಣಿ. ನನ್ನ ತಟ್ಟೆ ಹಿತ್ತಲ ಬಾಗಿಲ ಹತ್ತಿರ. ಒಂಬತ್ತು ವರ್ಷ ಅಲ್ಲೇ ಉಂಡೆ. ನನ್ನ ಸಂಬಳ ಮಾತ್ರ ಯಾವ ಬಾಗಿಲಲ್ಲೂ ನಿಲ್ಲಲಿಲ್ಲ. ನಮ್ಮ ಫಿಲೇಚರಿನ ಸಾಹುಕಾರರೂ ನಮ್ಮವರೇ. ಹಣೆತುಂಬ ವಿಭೂತಿ ಧರಿಸಿ, ಪೂಜೆ ಮುಗಿಸಿಯೇ ಗೂಡಿನ ಮಾರುಕಟ್ಟೆಗೆ ಹೊರಡುತ್ತಿದ್ದರು. ಅವರನ್ನು ಯಾರೂ ಹಿತ್ತಲಲ್ಲಿ ಕೂರಿಸಲಿಲ್ಲ. ನೀರಿಗೆ ಕೈ ಹಾಕುತ್ತಿದ್ದವಳು ನಾನು.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಮ್ಮ ಹಳೆಯ ಮೇಸ್ತ್ರಿ ತಮಿಳಿನಲ್ಲಿ ಹಾಜರಿ ಬರೆಯುತ್ತಿದ್ದವರು, ವಯಸ್ಸಾಯಿತೆಂದು ಸೇಲಂ ಕಡೆ ಮಗನ ಮನೆಗೆ ಹೊರಟುಹೋದರು. ಮುಂದಿನ ಮೇಸ್ತ್ರಿ ಚಿನ್ನತಾಯಿಯೇ ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಸಾಹುಕಾರರು ಕರೆದದ್ದು ನನ್ನನ್ನು.

"ಗೌರಮ್ಮ, ನಾಳಿಂದ ಮೇಸ್ತ್ರಿ ಕೆಲ್ಸ ನೀನೇ ನೋಡ್ಕೋ. ಚಿನ್ನತಾಯಿ ಕೈ ದೊಡ್ಡದು, ಒಪ್ತೀನಿ. ಆದ್ರ ಅವ್ಳ್ಗ ಒಂದಕ್ಷರ ಬರಾಕಿಲ್ವಲ್ಲ."

ಹೊರಗೆ ಬಂದು ಅವಳಿಗೇ ಮೊದಲು ಹೇಳಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, "ಒಳ್ಳೇದಾಯ್ತು ಬುಡು ಗೌರಿ. ನಿನ್ ಕೈಗಾದ್ರೂ ವಸಿ ಸುಖ ಸಿಗ್ಲಿ," ಎಂದಳು. ಆ ಒಂದು ಗಳಿಗೆಯ ಮೌನವನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ. ಹೊಟ್ಟೆಕಿಚ್ಚು ಎಂದುಕೊಂಡೆ. ಆಗಿದ್ದರೂ ಏನು ತಪ್ಪಿತ್ತು — ಅವಳಿಗೆ ಸಿಗಬೇಕಾದದ್ದು ನನಗೆ ಸಿಕ್ಕಿತ್ತು.

ಅಂದು ಸಂಜೆ ಅಣ್ಣ ನನ್ನನ್ನು ದೇವರ ಮನೆಯ ಮುಂದೆ ನಿಲ್ಲಿಸಿದ. "ಇನ್ಮ್ಯಾಲ ಆ ನೀರ್ಗ ಕೈ ಆಕಾಕಿಲ್ಲ ಅಂತ ಲಿಂಗ ಇಡ್ಕಂಡು ಏಳು. ಒಳಕ್ ಬಾ," ಎಂದ. ಹೇಳಿದೆ. ಒಳಗೆ ಹೋದೆ. ಅತ್ತಿಗೆ ಪೂಜೆ ಪಾತ್ರೆಗಳನ್ನು ನನ್ನ ಕೈಗೆ ಕೊಟ್ಟಳು, ತೊಳೆದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಮಾರನೆಯ ದಿನ ಅದನ್ನೂ ಚಿನ್ನಕ್ಕನಿಗೆ ಹೇಳಿದೆ — ಲಿಂಗ ಹಿಡಿದು ಆಣೆ ಮಾಡಿದ್ದು, ಒಳಗೆ ಕೂತು ಉಂಡದ್ದು, ಎಲ್ಲ. ಆಣೆಯ ವಿಷಯ ಆ ಇಪ್ಪತ್ತು ಜನರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಇದನ್ನು ನೆನಪಿಡಿ.

ಮೇಸ್ತ್ರಿಯಾಗುವುದು ಹೇಗೆ ಎಂದು ಯಾರೂ ಕಲಿಸಲಿಲ್ಲ. ನೂಲು ಬಿಚ್ಚುವುದು ಗೊತ್ತಿತ್ತು. ಬಿಚ್ಚುವವರ ಬೆನ್ನ ಹಿಂದೆ ನಿಲ್ಲುವುದು ಗೊತ್ತಿರಲಿಲ್ಲ. ಮೊದಲ ತಿಂಗಳು ನಗುತ್ತಾ ಹೇಳಿದೆ, ಯಾರೂ ಕೇಳಲಿಲ್ಲ. ಎರಡನೆಯ ತಿಂಗಳು ಗದರಿಸಿದೆ, ಕೇಳಿದರು, ಆದರೆ ಮಾತು ನಿಲ್ಲಿಸಿದರು. ನಾನು ಹತ್ತಿರ ಹೋದರೆ ಹಾಡು ನಿಲ್ಲುತ್ತಿತ್ತು. ಊಟದ ಹೊತ್ತಿನಲ್ಲಿ ಹೊಂಗೆ ಮರದ ಕೆಳಗೆ ನಾನು ಕೂರುತ್ತಿದ್ದ ಜಾಗದಲ್ಲಿ ಬೇರೆ ಯಾರೋ ಕಾಲು ಚಾಚಿರುತ್ತಿದ್ದರು. ಎಲೆಯಡಿಕೆ ನನ್ನ ತನಕ ಬರುತ್ತಿರಲಿಲ್ಲ. ನನಗೆ "ವಣಗೈ ಮೇಸ್ತ್ರಮ್ಮ" ಎಂದು ಹೆಸರಿಟ್ಟರು — ಕೈ ಒಣಗಿದವಳು. ಅನ್ನಲಿ ಎಂದು ನಾನೂ ಬಿಟ್ಟೆ. ಹಾಡು ಬೇಡ ಎಂದೆ. ಮಾತಾಡಿದರೆ ಹೆಸರು ಬರೆದುಕೊಂಡೆ. ಒಬ್ಬಳು ನೀರು ಕುಡಿಯಲು ಎದ್ದರೆ ಗಡಿಯಾರ ನೋಡಿದೆ. ಅವರು ಹಲ್ಲು ಕಚ್ಚಿದಷ್ಟೂ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಈ ಮಾತು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿಜ.

ಚಿನ್ನತಾಯಿ ಮಾತ್ರ ಹಲ್ಲೂ ಕಚ್ಚಲಿಲ್ಲ, ಹೆದರಲೂ ಇಲ್ಲ. ನಾನು ಅಲ್ಲಿಲ್ಲವೇನೋ ಎಂಬಂತೆ ಕೆಲಸ ಮಾಡುತ್ತಿದ್ದಳು. ನಾನೊಂದು ಹೇಳಿದರೆ "ಆಗ್ಲಿ ಮೇಸ್ತ್ರಮ್ಮ" ಎಂದು ತನಗೆ ತೋಚಿದಂತೆಯೇ ಮಾಡುತ್ತಿದ್ದಳು. ಅವಳ ಬಾಯಲ್ಲಿ ನಾನು ಗೌರಿಯಾಗಿ ಉಳಿದಿರಲಿಲ್ಲ. ಅವಳ ಲಡಿಯಲ್ಲಿ ಒಂದು ತಪ್ಪು ಸಿಗಲಿ ಎಂದು ಎರಡು ವರ್ಷ ಕಾದೆ. ಸಿಗಲಿಲ್ಲ.

ಒಂದು ದಿನ ಸಾಹುಕಾರರು ಸಾಲಿನ ನಡುವೆ ನಡೆದು ಬರುತ್ತಿದ್ದರು. ಅವರಿಗೆ ಕೇಳುವಂತೆ ನಾನು ಜೋರಾಗಿ ಹೇಳಿದೆ: "ಚಿನ್ನಕ್ಕ, ನೂಲು ದಪ್ಪ ಬತ್ತಾ ಅದ, ಒಂದ್ ಗೂಡು ಕಮ್ಮಿ ಮಾಡು."

ಅವಳು ತಲೆಯೆತ್ತಲಿಲ್ಲ. "ದಪ್ಪನೋ ಸಣ್ಣನೋ ನನ್ ಬೆರಳ್ಗ ಗೊತ್ತು ಕಣ್ ಮೇಸ್ತ್ರಮ್ಮ. ವಣಗಿದ್ ಕೈಗ ಅದ್ಯಾಕ?"

ಇಪ್ಪತ್ತು ಬೇಸಿನ್ನಿನವರೂ ನಕ್ಕರು. ಸಾಹುಕಾರರೂ ನಕ್ಕರು, ರಾಟೆಯ ನೂಲು ಮುಟ್ಟಿ ನೋಡಿ, "ಸರಿಯಾಗೇ ಅದಲ್ಲಮ್ಮ" ಎಂದು ಮುಂದೆ ಹೋದರು. ನಾನು ಅಂದು ಉಣ್ಣಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋದ ಮೇಲೆ ನಾನು ಹನ್ನೊಂದನೇ ಬೇಸಿನ್ನಿನ ಮುಂದೆ ಕೂತೆ. ಯಾಕೆ ಎಂದು ಕೇಳಿದರೆ — ನನ್ನ ಕೈ ಒಣಗಿಲ್ಲ ಎಂದು ನನಗೇ ತೋರಿಸಿಕೊಳ್ಳಬೇಕಿತ್ತು. ಅವಳ ರಾಟೆಯ ಮೇಲೆ, ಅವಳ ನೂಲಿನ ಮೇಲೆ ನಾನು ಬಿಚ್ಚಿದ ನೂಲು ಏರಬೇಕು, ಅವಳಿಗೇ ಗುರುತು ಹತ್ತಬಾರದು — ಅಂಥದೇನೋ. ಲಿಂಗ ಹಿಡಿದು ಮಾಡಿದ ಆಣೆ ನೆನಪಿಗೆ ಬಂತು. ಬಂದರೂ ಕೈ ನೀರಿಗೆ ಹಾಕಿದೆ.

ಸುಟ್ಟಿತು. ಒಂಬತ್ತು ವರ್ಷ ಸುಡದಿದ್ದ ನೀರು ಸುಟ್ಟಿತು. ಆದರೂ ಎಳೆ ಹಿಡಿದೆ, ಹಲಗೆ ತುಳಿದೆ, ನೂಲು ಬೆರಳ ನಡುವೆ ಓಡತೊಡಗಿತು. ಓಡುತ್ತಿದೆ — ಆದರೆ ನನಗೇನೂ ತಿಳಿಯುತ್ತಿಲ್ಲ! ಎರಡು ವರ್ಷದಲ್ಲಿ ಹಳೆಯ ಗಾಯ ಮಾಗಿ ಬೆರಳ ತುದಿಗೆ ದಪ್ಪ ಚರ್ಮ ಬಂದಿತ್ತು. ನೂಲು ತೆಳುವಾಯಿತೋ ದಪ್ಪವಾಯಿತೋ ಒಂದೂ ಗೊತ್ತಾಗಲಿಲ್ಲ. ಕಣ್ಣಿನಲ್ಲಿ ನೋಡಿ ಗೂಡು ಕೊಡುವಷ್ಟರಲ್ಲಿ ಮೂರು ಖಾಲಿಯಾಗಿ ತೇಲುತ್ತಿದ್ದವು. ಗಾಬರಿಯಿಂದ ನಾಲ್ಕರ ಎಳೆ ಒಟ್ಟಿಗೆ ಕೊಟ್ಟೆ. ಒಂದೆಡೆ ಕೂದಲು, ಒಂದೆಡೆ ಹಗ್ಗ. ಇನ್ನೇನು ಸರಿಹೋಗುತ್ತದೆ, ಇನ್ನೇನು ಕೈ ಹಿಡಿಯುತ್ತದೆ ಎಂದು ತುಳಿಯುತ್ತಲೇ ಹೋದೆ. ಗಂಟೆ ಹೊಡೆಯಿತು.

ಅಲ್ಲೇ ಕತ್ತರಿಯಿತ್ತು. ನಾನು ಸುತ್ತಿದ್ದಷ್ಟನ್ನು ಕತ್ತರಿಸಿ ಹಾಳು ನೂಲಿನ ಬುಟ್ಟಿಗೆ ಎಸೆದಿದ್ದರೆ ಮುಗಿದುಹೋಗುತ್ತಿತ್ತು. ಕತ್ತರಿಸಿದರೆ ಯಾರೋ ಕೂತಿದ್ದರು ಎಂದು ತಿಳಿಯುತ್ತದಲ್ಲ — ಹಾಗೇ ಬಿಟ್ಟು ಎದ್ದೆ.

ಚಿನ್ನತಾಯಿ ಬಂದು ನೀರು ನೋಡಿದಳು, ತೇಲುವ ಗೂಡುಗಳನ್ನು ನೋಡಿದಳು. "ಯಾರವ್ವ ಕೂತಿದ್ದೋರು ಇಲ್ಲಿ?" ಎಂದು ಸುತ್ತ ಕೇಳಿದಳು.

"ಯಾರೂ ಕೂತಿರ್ಲಿಲ್ಲ. ಕೆಲ್ಸ ನೋಡು," ಎಂದೆ ನಾನು.

ಅವಳು ನನ್ನ ಕಡೆ ತಿರುಗಿದಳು. ಹಾಜರಿ ಪುಸ್ತಕ ಹಿಡಿದಿದ್ದ ನನ್ನ ಬಲಗೈ ಮಣಿಕಟ್ಟಿನವರೆಗೆ ಕೆಂಪಗಿತ್ತು. ಸೆರಗಿನಲ್ಲಿ ಮುಚ್ಚಿಕೊಂಡೆ, ಆದರೆ ಅಷ್ಟರಲ್ಲಿ ಅವಳು ನೋಡಿಯಾಗಿತ್ತು. ಕೂತು ಕೆಲಸ ಶುರು ಮಾಡಿದಳು. ರಾಟೆಯಲ್ಲಿದ್ದ ನೂಲನ್ನು ಅವಳಾದರೂ ತೆಗೆದು ಎಸೆಯಬಹುದಿತ್ತಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮೇಸ್ತ್ರಿಯನ್ನು ಕೇಳದೆ ನೂಲು ಕತ್ತರಿಸಬಾರದು ಎಂಬ ಕಟ್ಟಳೆ ಮಾಡಿದ್ದವಳೂ ನಾನೇ.

ಮೂರು ವಾರದ ಮೇಲೆ ಮಗ್ಗದವರು ನೂಲು ವಾಪಸು ತಂದರು. ಮಗ್ಗಕ್ಕೆ ಏರಿಸಿದರೆ ಪಟಪಟ ತುಂಡಾಗುತ್ತಿದೆ ಎಂದು ಕೂಗಾಡಿದರು. ಸಾಹುಕಾರರು ಆ ಲಡಿಯನ್ನು ಕಪ್ಪು ಹಲಗೆಯ ಮೇಲೆ ಸುತ್ತಿಸಿ ನೋಡಿದರು. ಕುರುಡರಿಗೂ ಕಾಣುವಂತಿತ್ತು. ಪ್ರತಿ ಲಡಿಗೂ ಬೇಸಿನ್ನಿನ ನಂಬರಿನ ಚೀಟಿ ಕಟ್ಟುತ್ತಿದ್ದೆವು. ಅದರ ಚೀಟಿಯಲ್ಲಿ ನನ್ನ ಅಕ್ಷರದಲ್ಲೇ ಹನ್ನೊಂದು ಎಂದಿತ್ತು. ಸಾಹುಕಾರರಿಗೆ ನಂಬಿಕೆಯಾಗಲಿಲ್ಲ. ಚಿನ್ನತಾಯಿಯನ್ನು ಕರೆಸಿದರು. ಅವಳ ಎದುರಿಗೇ ನನ್ನನ್ನು ಕೇಳಿದರು:

"ಏನಮ್ಮ ಗೌರಮ್ಮ, ಇದು ಇವ್ಳ್ ಕೈ ಕೆಲ್ಸಾನಾ?"

ಆ ಪ್ರಶ್ನೆಯಲ್ಲಿ ನನಗೊಂದು ಬಾಗಿಲು ತೆರೆದಿತ್ತು. ಅಲ್ಲ ಸಾ ಎನ್ನಬಹುದಿತ್ತು. ಗೊತ್ತಿಲ್ಲ ಸಾ ಎಂದಾದರೂ ಎನ್ನಬಹುದಿತ್ತು. ನಾನು ಹೇಳಿದ್ದು ಇದು: "ಆಯಮ್ಮನ ಕಣ್ಣು ಮಂಜಾಗದ ಸಾ. ಏಳಿದ್ರ ನೊಂದ್ಕಂಡಾಳು ಅಂತ ಇಷ್ಟ್ ದಿನ ನಾನೇ ಮುಚ್ಚಿಟ್ಟಿದ್ದಿ."

ಮುಚ್ಚಿಟ್ಟಿದ್ದೆನಂತೆ! ಕರುಣೆಯ ವೇಷ ಬೇರೆ ತೊಡಿಸಿದ್ದೆ ಆ ಸುಳ್ಳಿಗೆ.

ಚಿನ್ನತಾಯಿ ಅಳಲಿಲ್ಲ, ಕೂಗಲೂ ಇಲ್ಲ. "ನನ್ ಕಣ್ಗ ಏನೂ ಆಗಿಲ್ಲ ಬುದ್ಧಿ. ಅವತ್ತು ನನ್ ಬೇಸಿನ್ನಲ್ಲಿ ಯಾರೋ ಕೂತಿದ್ರು. ಯಾರು ಅಂತ ನಾ ಏಳಾಕಿಲ್ಲ. ಕೂತೋರೇ ಏಳ್ಲಿ," ಎಂದು ನಿಂತಳು.

ಅವಳು ನನ್ನ ಮುಖ ನೋಡಲಿಲ್ಲ. ಕೂತವರು ಹೇಳಲು ಬೇಕಾದಷ್ಟು ಹೊತ್ತು ಕೊಟ್ಟಳು. ಸಾಹುಕಾರರೂ ಕಾದರು. ನಾನು ನೆಲ ನೋಡುತ್ತಾ ನಿಂತೆ. ಕೊನೆಗೆ ಅವರು, "ಕಣ್ಣಿಲ್ದೋರ್ನ ಇಟ್ಕಂಡು ನಾನೇನ್ ಮಾಡ್ಲಿ ತಾಯಿ, ಓಗ್ಬುಡು," ಎಂದರು. ಅಂದೇ ಅವಳು ಹೋದಳು.

ಅವಳು ನನ್ನ ಹೆಸರು ಯಾಕೆ ಹೇಳಲಿಲ್ಲ ಎಂಬುದು ನನಗೆ ಗೊತ್ತು. ಹೇಳಿದ್ದರೆ ಕೆಲಸವೊಂದೇ ಅಲ್ಲ, ಅಣ್ಣನ ಮನೆಯ ಬಾಗಿಲೂ ನನಗೆ ಮುಚ್ಚುತ್ತಿತ್ತು. ಆಣೆಯ ವಿಷಯ ತಿಳಿದವಳು ಅವಳೊಬ್ಬಳೇ. ತನ್ನ ಅನ್ನ ಹೋಗುತ್ತಿದ್ದಾಗಲೂ ಅವಳು ನನ್ನ ತಟ್ಟೆಯ ಚಿಂತೆ ಮಾಡಿದಳು. ಅದಕ್ಕೆ ನಾನು ಅವಳ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ — ಇನ್ನೂ ಹೆಚ್ಚು ದ್ವೇಷಿಸಿದೆ. ಹೆಸರು ಹೇಳಿ ಜಗಳವಾಡಿದ್ದರೆ ನಾನೂ ಜಗಳವಾಡಿ ಗೆಲ್ಲಬಹುದಿತ್ತು. ಅವಳು ನನಗೆ ಅದಕ್ಕೂ ಜಾಗ ಬಿಡಲಿಲ್ಲ ಎಂದು ಸಿಟ್ಟು. ಎಂಥ ಸಿಟ್ಟು!

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡು ತಿಂಗಳ ನಂತರ ಯಳಂದೂರು ಕಡೆಯ ಇನ್ನೊಂದು ಫಿಲೇಚರಿನ ಮೇಸ್ತ್ರಿ ನನ್ನನ್ನು ಹುಡುಕಿಕೊಂಡು ಬಂದ. ಚಿನ್ನತಾಯಿ ಕೆಲಸ ಕೇಳಿಕೊಂಡು ಬಂದಿದ್ದಾಳೆ, ಕೈ ನೋಡಿದರೆ ಒಳ್ಳೆ ಕೈ, ಆದರೆ ಕಣ್ಣಿನ ಬಗ್ಗೆ ಏನೋ ಕೇಳಿದೆ, ನಿಜವೇ ಎಂದ. ಅಲ್ಲಿ ಸಾಹುಕಾರರಿರಲಿಲ್ಲ, ಅಣ್ಣನಿರಲಿಲ್ಲ. ನನಗೆ ಯಾವ ಭಯವೂ ಇರಲಿಲ್ಲ. ಒಂದು ಮಾತಿನಲ್ಲಿ ಅವಳ ಬದುಕನ್ನು ಅವಳಿಗೆ ಹಿಂದಕ್ಕೆ ಕೊಡಬಹುದಿತ್ತು. "ನಿಜ ಕಣ್ರಿ," ಎಂದೆ. ಮೊದಲನೆಯ ಸಲ ಹೆದರಿ ಹೇಳಿದ್ದೆ. ಎರಡನೆಯ ಸಲ ಬರೀ ಹಗೆಯಿಂದ. ಆಮೇಲೆ ಅವಳು ಊರು ಬಿಟ್ಟು ರಾಮಾಪುರಕ್ಕೆ ಹೋದಳೆಂದು ಯಾರೋ ಹೇಳಿದರು. ನಾನು ಮೇಸ್ತ್ರಿಯಾಗಿಯೇ ಉಳಿದೆ.

ಹೋದ ತಿಂಗಳು ನೆಂಟರ ಮನೆಯ ಕೆಲಸಕ್ಕೆಂದು ರಾಮಾಪುರಕ್ಕೆ ಹೋಗಬೇಕಾಯಿತು. ವಾಪಸು ಹೊರಟು ಬಸ್ ನಿಲ್ಲುವ ಕಡೆ ಬಂದಾಗ, ರಸ್ತೆಯ ಆಚೆ ಟೀ ಅಂಗಡಿಯ ಮುಂದೆ ಅವಳು ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಮುಖಕ್ಕೆ ಸೆರಗೆಳೆದುಕೊಂಡು ಈಚೆ ಬೇಲಿಯ ಮರೆಗೆ ಸರಿದೆ. ಹನೂರಿನ ಬಸ್ಸು ಬಂತು. ಟೀ ಅಂಗಡಿಯವನು ಅವಳ ರಟ್ಟೆ ಹಿಡಿದು ಕರೆತಂದು ಕಂಡಕ್ಟರಿಗೆ ಹೇಳಿದ: "ಈ ಅಜ್ಜಿಗ ಕಣ್ ಕಾಣಾಕಿಲ್ಲ ಸಾ, ವಸಿ ಇಡ್ದು ಅತ್ತಿಸ್ಕಳಿ."

ಅವಳು ಸುಮ್ಮನೆ ಹತ್ತಿಸಿಕೊಂಡಳು. ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವಾಗ ತಲೆ ಹೊರಗೆ ಹಾಕಿ, ಅಷ್ಟು ದೂರದಿಂದ, ಬೇಲಿಯ ಮರೆಯಲ್ಲಿದ್ದ ನನಗೆ ಕೂಗಿ ಹೇಳಿದಳು:

"ಗೌರೀ, ನೆರ್ಗ ಮುಳ್ಗ ಸಿಕ್ಕಂಡದ ನೋಡು. ಬುಡಿಸ್ಕಂಡು ನಡಿ, ಅರ್ದೋದಾತು."

ಬಗ್ಗಿ ನೋಡಿದೆ. ಸೀರೆಯ ನೆರಿಗೆ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡು ತಲೆಯೆತ್ತುವಷ್ಟರಲ್ಲಿ ಬಸ್ಸು ಹೋಗಿತ್ತು.

ಟೀ ಅಂಗಡಿಯವನ ಹತ್ತಿರ ಹೋಗಿ, ಆಯಮ್ಮನ ಕಣ್ಣಿಗೆ ಏನಾಗಿದೆ ಎಂದು ಕೇಳಿದೆ. "ಕೊಳ್ಳೇಗಾಲದ ರೇಷ್ಮೆ ಪ್ಯಾಕ್ಟ್ರೀಲಿ ಕಣ್ ಓಯ್ತಂತ ಕಣ್ರಿ," ಎಂದ ಅವನು. "ಅದ್ಕೇ ಇಲ್ಲಿ ಯಾರೂ ಕೂಲಿಗ ಕರ್ಯಾಕಿಲ್ಲ. ಕಳೆ ಕೀಳಾಕ್ ಬುಟ್ರ ಪೈರ್ನೇ ಕಿತ್ತಾಳು ಅಂತ. ಮೊದಮೊದ್ಲು ನಂಗ ಕಣ್ಣು ಕಾಣ್ತದ ಅಂತ ಎಲ್ಲರ್ ಮ್ಯಾಲೂ ಜಗ್ಳ ಆಡ್ತಿದ್ಳು. ಈಗ ಸುಮ್ಕಾಗವ್ಳ."

ನನ್ನ ಒಂದು ಮಾತು ಅವಳಿಗಿಂತ ಮೊದಲೇ ಅವಳ ಊರು ಸೇರಿ, ಹನ್ನೆರಡು ವರ್ಷ ಅಲ್ಲೇ ಇದ್ದುಕೊಂಡು ಅವಳ ಕೂಲಿ ತಪ್ಪಿಸಿತ್ತು. ಫಿಲೇಚರಿನ ಕೆಲಸವೊಂದು ಹೋಯಿತು, ಎಲ್ಲೋ ಬೇರೆ ದುಡಿದು ಉಣ್ಣುತ್ತಿರಬಹುದು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನವೂ ಸುಳ್ಳಾಗಿತ್ತು.

ಕೊಳ್ಳೇಗಾಲಕ್ಕೆ ಬಂದವಳೇ ಸಾಹುಕಾರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರಿಗೆ ಈಗ ವಯಸ್ಸಾಗಿದೆ. ಕೇಳಿ ಕೈ ಆಡಿಸಿದರು. "ಹಳೇ ಮಾತು ಬುಡಮ್ಮ. ಈಗ ಎಂಗೂ ಆಯಮ್ಮನ ಕಣ್ಣು ಮಂಜಾಗೇ ಇರ್ತದ," ಎಂದರು. ಅವರಿಗೆ ಅದು ಒಂದು ಲಡಿ ಅಷ್ಟೆ. ಅಣ್ಣನಿಗೂ ಹೇಳಿದೆ. ಅವನು ಎದ್ದು ಅಂಗಡಿಗೆ ಹೋದ. ಅತ್ತಿಗೆ ಇನ್ನೂ ಏನೂ ಹೇಳಿಲ್ಲ. ಹೇಳುವುದಿದ್ದರೆ ಹೇಳಲಿ, ಎಲ್ಲಿ ಕೂರಿಸುವುದಿದ್ದರೆ ಅಲ್ಲಿ ಕೂರಿಸಲಿ.

ಬರೆದರೆ ಭಾರ ಇಳಿಯುತ್ತದೆ ಎನ್ನುತ್ತಾರೆ. ಇಳಿದಿಲ್ಲ. ಇಳಿಯಬೇಕಾಗಿಯೂ ಇಲ್ಲ. ಚಿನ್ನತಾಯಿಗೆ ಓದಲು ಬರುವುದಿಲ್ಲ, ಇದು ಅವಳಿಗೆ ಯಾವ ಕೆಲಸಕ್ಕೂ ಬಾರದು. ಸೋಮವಾರ ರಾಮಾಪುರಕ್ಕೆ ಹೋಗುತ್ತೇನೆ. ಮೊದಲು ಅವಳ ಮನೆಗಲ್ಲ. ಮನೆಯೊಳಗೆ ಕೂತು ಗುಟ್ಟಾಗಿ ಕ್ಷಮೆ ಕೇಳಿ ಹಗುರಾಗಿ ಬರುವುದು ನನ್ನಂಥವಳಿಗೆ ಬಹಳ ಸುಲಭ. ಬೆಳಿಗ್ಗೆ ಕೂಲಿಗೆ ಜನ ಕರೆಯಲು ಹೊಲದವರು ಆ ಟೀ ಅಂಗಡಿಯ ಹತ್ತಿರ ಸೇರುತ್ತಾರಂತೆ. ಅವರ ಮುಂದೆ ನಿಂತು, ಚಿನ್ನತಾಯಿಯ ಕಣ್ಣಿಗೆ ಏನೂ ಆಗಿಲ್ಲ, ಆಗಿದೆ ಎಂದು ಹುಟ್ಟಿಸಿ ಹೇಳಿದವಳು ನಾನು, ಅವತ್ತು ಅವಳ ಜಾಗದಲ್ಲಿ ಕೂತಿದ್ದವಳೂ ನಾನು ಎಂದು ನನ್ನ ಹೆಸರು, ಊರು ಸಮೇತ ಹೇಳುತ್ತೇನೆ. ಅವರು ಉಗಿದರೂ ಪೂರ್ತಿ ಹೇಳಿಯೇ ಬರುತ್ತೇನೆ. ಆಮೇಲೆ ಅವಳ ಮನೆಯ ಮುಂದೆ ಹೋಗಿ ನಿಲ್ಲುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ಅವಳಿಗೆ ಸೇರಿದ್ದು.